ಮುದ್ರೆಯ ಮೇಲೊಂದು ಕಿರೀಟ

ಜೂನ್ 3

ಪ್ರೀತಿಯ ಮಾವ,

"ಆರರಲ್ಲೈದು ಹಕ್ಕಿಗೆ, ಉಳಿದದ್ದೊಂದು ಪಕ್ಕಕ್ಕೆ." ಇದರ ಮುಂದಿನ ಸಾಲು ನಿಮಗೇನಾದರೂ ನೆನಪಿದೆಯೇ? ನಾನು ಚಿಕ್ಕವಳಿದ್ದಾಗ ನಮ್ಮ ಬೀದಿಯ ಮಕ್ಕಳು ಕುಂಟುತ್ತ ಆಡುವಾಗ ಇದನ್ನು ಹೇಳುತ್ತಿದ್ದರು. ಅಪ್ಪ ಎದ್ದುಹೋಗಿ ಕಿಟಕಿ ಮುಚ್ಚುತ್ತಿದ್ದರು. ಹಾಗಾಗಿ ನನಗೆ ಒಂದು ಸಾಲು ಮಾತ್ರ ಉಳಿದಿದೆ, ಮಿಕ್ಕದ್ದು ಕಿಟಕಿಯ ಆಚೆ ಹೋಯಿತು.

ಈಗ ಆ ಸಾಲಿನ ಬಗ್ಗೆಯೇ ಅನುಮಾನ ಬಂದಿದೆ. ಹೋದ ವಾರ ಅಪ್ಪನ ಬೀರು ಖಾಲಿ ಮಾಡುತ್ತಿದ್ದೆ. ಕೆಳಗಿನ ಅರೆಯಲ್ಲಿ ಉಣ್ಣೆಯ ಕಾಲುಚೀಲದೊಳಗೆ ಮುತ್ತಜ್ಜನ ರಿವಾಲ್ವರ್ ಸಿಕ್ಕಿತು. ಅದು ಇದೆ ಎಂದು ಗೊತ್ತಿತ್ತು, ಕೈಗೆ ತೆಗೆದುಕೊಂಡದ್ದು ಇದೇ ಮೊದಲು. ಎಣಿಸಿದೆ ಮಾವ. ಗುಂಡು ತುಂಬುವ ಉರುಳೆಯಲ್ಲಿ ಇರುವುದು ಐದೇ ತೂತು. ಹಾಗಾದರೆ ಮಕ್ಕಳ ಸಾಲಿನ ಆರನೆಯ ಗುಂಡು ಎಲ್ಲಿಂದ ಬಂತು?

ನೀವು ಮೂವತ್ತು ವರ್ಷ ಮ್ಯೂಸಿಯಂನಲ್ಲಿ ಹಳೆಯ ಆಯುಧಗಳ ನಡುವೆ ಕಳೆದವರು. ಇದು ಯಾವ ಕಾಲದ್ದು, ಯಾರು ಮಾಡಿದ್ದು ಎಂದು ಹೇಗೆ ಗುರುತಿಸುವುದು? ಇನ್ನೊಂದು ಮಾತು: ಇಂಥದ್ದು ಇಷ್ಟು ವರ್ಷ ಸುಮ್ಮನೆ ಬಿದ್ದಿದ್ದರೂ ಇನ್ನೂ ಕೆಲಸ ಮಾಡುತ್ತದೆಯೇ?

ಮನೆಯಲ್ಲಿ ಸದ್ದಿಲ್ಲ. ಅಪ್ಪನ ಕೆಮ್ಮು ಇಲ್ಲದ ಬೆಳಗಿಗೆ ನಾನಿನ್ನೂ ಹೊಂದಿಕೊಂಡಿಲ್ಲ. ಬೇರೆ ಎಲ್ಲ ಚೆನ್ನಾಗಿದೆ.

ನಿಮ್ಮ
ಕಾಗುಣಿತ

ಜೂನ್ 11

ಕಾಗುಣಿತ,

ಎಣಿಸುವುದನ್ನು ಪಕ್ಕಕ್ಕಿಡು. ಮೊದಲು ನಾನು ಹೇಳಿದ್ದು ಮಾಡು.

ಕುದುರೆಗೆ, ಅಂದರೆ ಗುಂಡು ಹಾರಿಸುವ ಕೀಲಿಗೆ, ಬೆರಳು ತಾಗಿಸಬೇಡ. ಉರುಳೆಯ ಹಿಂಭಾಗದಲ್ಲಿ ಪ್ರತಿ ತೂತಿಗೂ ಒಂದೊಂದು ಪುಟ್ಟ ತೊಟ್ಟು ಇರುತ್ತದೆ. ಅದರ ಮೇಲೆ ತಾಮ್ರದ ಟೋಪಿಯಂಥದ್ದು ಏನಾದರೂ ಕೂತಿದ್ದರೆ ಮುಟ್ಟದೆ ನನಗೆ ತಿಳಿಸು. ಟೋಪಿ ಇಲ್ಲದಿದ್ದರೆ ಒಂದು ತೆಳು ಮರದ ಕಡ್ಡಿ ತೆಗೆದುಕೊಂಡು ಮುಂದಿನಿಂದ ಒಂದೊಂದು ತೂತಿಗೂ ಇಳಿಸಿ ಅಳೆದು ನೋಡು. ಐದರಲ್ಲೂ ಕಡ್ಡಿ ಒಂದೇ ಆಳಕ್ಕೆ ಹೋಗಬೇಕು. ಒಂದರಲ್ಲಿ ಕಮ್ಮಿ ಹೋದರೆ ಒಳಗೆ ಹಳೆಯ ಮದ್ದುಗುಂಡು ಕೂತಿದೆ ಅಂತ ಅರ್ಥ. ಆಮೇಲೆ ಪೊಲೀಸ್ ಠಾಣೆಗೆ ಹೋಗಿ, ಅಪ್ಪ ಬಿಟ್ಟುಹೋದದ್ದು ಅಂತ ಹೇಳಿ ಬರೆಸಿ ಬಾ.

ಅದಾದ ಮೇಲೆ ನಳಿಗೆಯ ಬದಿಯಲ್ಲಿರುವ ಚಪ್ಪಟೆ ಬೆಣೆಯನ್ನು ಒತ್ತಿ ತೆಗೆ. ನಳಿಗೆ ಬೇರೆಯಾಗುತ್ತದೆ, ಉರುಳೆ ಕೈಗೆ ಬರುತ್ತದೆ. ಠಾಣೆಯವರು ಒಪ್ಪಿದರೆ ಉರುಳೆಯನ್ನು ನನಗೆ ಪಾರ್ಸೆಲ್ ಮಾಡು. ಒಪ್ಪದಿದ್ದರೆ ಅಲ್ಲೇ ಕೊಟ್ಟು ಬಾ. ತಡ ಮಾಡಬೇಡ. ಉಳಿದ ಭಾಗ ನಿನ್ನ ಹತ್ತಿರವೇ ಇರಲಿ.

ರಾತ್ರಿ ನಿದ್ದೆ ಬರುತ್ತದಾ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯಾ? ಆಫೀಸಿಗೆ ಹೋಗುತ್ತಿದ್ದೀಯಾ, ರಜೆಯಲ್ಲಿದ್ದೀಯಾ? ಇದೆಲ್ಲಕ್ಕೂ ಉತ್ತರ ಬರೆ.

ಮಾವ

ಜೂನ್ 18

ಪ್ರೀತಿಯ ಮಾವ,

ಊಟ ಮಾಡುತ್ತೇನೆ. ನಿದ್ದೆ ಬರುತ್ತದೆ. ಆಫೀಸಿನಲ್ಲಿ ಒಂದು ಹಸ್ತಪ್ರತಿ ಕೈಲಿದೆ. ಗೆದ್ದಲು ಹಿಡಿದು ಪುಟಕ್ಕೆ ಹತ್ತು ಕಡೆ ಅಕ್ಷರ ಹೋಗಿವೆ. ಅವುಗಳನ್ನು ಊಹಿಸಿ ಚೌಕ ಕಂಸದೊಳಗೆ ತುಂಬುತ್ತ ಕೂತಿದ್ದೇನೆ. ಇನ್ನೇನಾದರೂ ತಪಾಸಣೆ ಬಾಕಿಯಿದೆಯೇ?

ನೀವು ಹೇಳಿದ್ದೆಲ್ಲ ಮಾಡಿದೆ. ಟೋಪಿ ಯಾವುದೂ ಇಲ್ಲ, ಐದು ತೂತೂ ಖಾಲಿ. ಠಾಣೆಯ ಇನ್ಸ್‌ಪೆಕ್ಟರ್ ಅದನ್ನು ಆ ಕಡೆ ಈ ಕಡೆ ತಿರುಗಿಸಿ, "ಮೇಡಂ, ಇದನ್ನ ತೋರಿಸಿ ನೀವು ಬೆಕ್ಕನ್ನೂ ಓಡಿಸೋಕಾಗಲ್ಲ" ಅಂದರು. ಬರೆದುಕೊಂಡು ಕಳಿಸಿದರು.

ಆದರೆ ಉರುಳೆ ಕಳಿಸುವುದಿಲ್ಲ. ನೀವು ಬೇಜಾರು ಮಾಡಿಕೊಂಡರೂ ಸರಿ. ಅಪ್ಪ ಬದುಕಿದ್ದಾಗ ನೀವು ಎಷ್ಟು ಸಲ ಕೇಳಿದಿರಿ, ಅವರು ಒಮ್ಮೆಯೂ ತೋರಿಸಲಿಲ್ಲ. ಆ ಆಸೆ ಇನ್ನೂ ಹೋಗಿಲ್ಲ ಅಂತ ಕಾಣುತ್ತದೆ. ಅವರು ಹೋಗಿ ಎರಡು ತಿಂಗಳಾಗಿಲ್ಲ, ನಿಮಗೆ ಪಾರ್ಸೆಲ್ ಬೇಕು! ಕೇಳಿದ್ದು ಗುರುತಿಸುವುದು ಹೇಗೆ ಅಂತ, ಸಂಗ್ರಹಕ್ಕೆ ಯಾರಿಗೆ ಬೇಕು ಅಂತ ಅಲ್ಲ.

ಅಷ್ಟಕ್ಕೂ ಗುರುತು ಸಿಕ್ಕಿಬಿಟ್ಟಿದೆ. ಎಂಟು ಮೂಲೆಯ ನಳಿಗೆ, ಗೀರು ಕೊರೆದ ಮರದ ಹಿಡಿ. ತಯಾರಿಸಿದವರ ಹೆಸರು ಎಲ್ಲೂ ಇಲ್ಲ. ಉರುಳೆಯ ಮೇಲೆ ಮೊಟ್ಟೆಯಾಕಾರದ ಗೆರೆಯೊಳಗೆ ಮೂರು ಸಣ್ಣ ಅಕ್ಷರ, ಅದರ ಕೆಳಗೊಂದು ನಕ್ಷತ್ರ. ನಳಿಗೆಯ ಅಡಿಯಲ್ಲಿ ಸ್ಪಷ್ಟವಾಗಿ 1874 ಎಂದಿದೆ. ಉರುಳೆಯ ಮೇಲೂ ಅದೇ ಇಸವಿ.

ಅದು ಬೇರೆ ಯಾವುದಾದರೂ ಇಸವಿ ಆಗಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಯಾಕೆ ಅನ್ನುವುದು ಇರಲಿ.

ನಿಮ್ಮ
ಕಾಗುಣಿತ

ಜೂನ್ 26

ಕಾಗುಣಿತ,

ನಿನ್ನ ಪತ್ರ ಓದಿ ಮೊದಲು ಸಿಟ್ಟು ಬಂತು. ಆಮೇಲೆ ಕುರ್ಚಿಯಲ್ಲಿ ಕೂತು ನಕ್ಕೆ. ಬಿಡಿಸಿ ಹೇಳುತ್ತೇನೆ, ಕೇಳು.

ನಿನ್ನ ಅಪ್ಪ ಹೋಗಿದ್ದಾರೆ. ಮನೆಯಲ್ಲಿ ನೀನೊಬ್ಬಳೇ. ರಿವಾಲ್ವರ್ ಸಿಕ್ಕಿತು ಅಂತ ಬರೆಯುತ್ತೀಯ, ಇನ್ನೂ ಕೆಲಸ ಮಾಡುತ್ತದೆಯೇ ಅಂತ ಕೇಳುತ್ತೀಯ, ಮನೆಯಲ್ಲಿ ಸದ್ದಿಲ್ಲ ಅಂತ ಮುಗಿಸುತ್ತೀಯ. ಎಪ್ಪತ್ತೆಂಟು ವರ್ಷದ ಮುದುಕ ಮೂರನೇ ಮಹಡಿಯಲ್ಲಿ ಕೂತು ಇದನ್ನು ಓದಿದರೆ ಏನು ಅಂದುಕೊಳ್ಳಬೇಕು? ಉರುಳೆಯೊಂದು ನಿನ್ನ ಮನೆಯಿಂದ ಆಚೆ ಹೋಗಲಿ ಅಂತ ಪಾರ್ಸೆಲ್ ಕೇಳಿದೆ. ಫೋನ್ ಮಾಡೋಣ ಅಂದರೆ ನನ್ನ ಕಿವಿ ನಿನಗೆ ಗೊತ್ತು. ಅರ್ಧ ಕೇಳಿಸುವುದಿಲ್ಲ, ಉಳಿದರ್ಧ ಊಹಿಸುತ್ತೇನೆ. ಈ ವಿಷಯದಲ್ಲಿ ಊಹೆ ಬೇಡ ಅನ್ನಿಸಿತು.

ನಿಮ್ಮಪ್ಪ ತೋರಿಸದೇ ಇದ್ದದ್ದಕ್ಕೆ ನನಗೆ ಆಗ ಬೇಜಾರಾಗಿದ್ದು ನಿಜ. ಈಗ ಅದೂ ಇಲ್ಲ.

ಇನ್ನು ನಿನ್ನ ಇಸವಿ. ಕಾಗುಣಿತ ತಪ್ಪದವಳು ಅಂತ ನಾನೇ ಈ ಹೆಸರಿಟ್ಟು ಕರೆದವಳು ಅಂಕಿಯಲ್ಲಿ ಜಾರಿದ್ದೀಯ. 1874 ಇಸವಿಯಲ್ಲ, ಕ್ರಮಸಂಖ್ಯೆ. ನಳಿಗೆಯ ಮೇಲೂ ಉರುಳೆಯ ಮೇಲೂ ಒಂದೇ ಸಂಖ್ಯೆ ಇದ್ದರೆ ಎರಡೂ ಒಟ್ಟಿಗೇ ಹುಟ್ಟಿದವು ಅಂತ ಅರ್ಥ, ಅಷ್ಟೇ. ಮ್ಯೂಸಿಯಂಗೆ ಕೋವಿ ತಂದವರಲ್ಲಿ ಅರ್ಧ ಜನ ಈ ತಪ್ಪು ಮಾಡುತ್ತಿದ್ದರು. ಒಬ್ಬ ವಕೀಲರಂತೂ 2316 ಎಂಬ ಸಂಖ್ಯೆ ನೋಡಿ, ಇದು ಯಾವ ಶಕೆ ಅಂತ ಕೇಳಿದ್ದರು.

ಕಾಲ ಹೇಳುವುದು ಆ ಮೊಟ್ಟೆಯಾಕಾರದ ಮುದ್ರೆ. ಕೋವಿ ಮಾರಾಟಕ್ಕೆ ಹೋಗುವ ಮುಂಚೆ ಹೆಚ್ಚು ಮದ್ದು ತುಂಬಿ ಹಾರಿಸಿ, ಒಡೆಯಲಿಲ್ಲ ಅಂದರೆ ಈ ಮುದ್ರೆ ಒತ್ತುತ್ತಿದ್ದರು. 1893ರ ಮುಂಚೆ ಒತ್ತಿದ್ದರೆ ಮೊಟ್ಟೆಯ ಮೇಲೆ ಏನೂ ಇರುವುದಿಲ್ಲ. ಆ ವರ್ಷ ಅದರ ನೆತ್ತಿಗೆ ಒಂದು ಪುಟ್ಟ ಕಿರೀಟ ಸೇರಿಸಿದರು. ನಿನ್ನದರ ಮೇಲೆ ಕಿರೀಟ ಇದೆಯೋ ಇಲ್ಲವೋ ನೋಡು. ಮೊಬೈಲಿನ ಫೋಟೋ ಬೇಡ, ಲೋಹ ಹೊಳೆದು ಏನೂ ಕಾಣುವುದಿಲ್ಲ. ತೆಳು ಕಾಗದ ಸುತ್ತಿ, ಮೆತ್ತನೆಯ ಪೆನ್ಸಿಲ್ಲನ್ನು ಮಲಗಿಸಿ ಉಜ್ಜು. ಅಚ್ಚು ಮೂಡುತ್ತದೆ, ಅದನ್ನು ಕಳಿಸು.

ಆರು ಗುಂಡಿನ ವಿಚಾರ: ಐದು ಅಂದರೆ ಆ ಸಾಲು ಓಡುವುದಿಲ್ಲ ನೋಡು. ಲಯಕ್ಕೋಸ್ಕರ ಯಾರೋ ಒಂದು ಗುಂಡು ಹೆಚ್ಚಿಗೆ ಹಾಕಿದ್ದಾರೆ. ಪದ್ಯ ಓದುವ ನಿನಗೆ ಇದನ್ನು ನಾನು ಹೇಳಬೇಕೇ?

ಯಾಕೆ ಬೇರೆ ಇಸವಿ ಬೇಕಿತ್ತು ಅನ್ನುವುದನ್ನು ಬರೆ.

ಮಾವ

ಜುಲೈ 4

ಪ್ರೀತಿಯ ಮಾವ,

ತಪ್ಪಾಯಿತು. ನಿಮ್ಮ ಪತ್ರವನ್ನು ಅಡುಗೆಮನೆಯ ಕಟ್ಟೆಗೆ ಒರಗಿ ನಿಂತೇ ಓದಿದೆ. ನೀವು ಹಾಗೆ ಹೆದರಿರಬಹುದು ಅಂತ ನನಗೆ ಹೊಳೆಯಲೇ ಇಲ್ಲ. ಕೆಲಸ ಮಾಡುತ್ತದೆಯೇ ಅನ್ನುವ ಪ್ರಶ್ನೆ ನನ್ನದಲ್ಲ. ಪಕ್ಕದ ಮನೆಯ ಟೈಲರಮ್ಮ ಕೇಳಿದ್ದು.

ನಿಮಗೆ ಅಲ್ಪಸ್ವಲ್ಪ ಗೊತ್ತಿರಬಹುದು. ನಮ್ಮ ಮುತ್ತಜ್ಜನೂ ಅವರ ಮುತ್ತಜ್ಜನೂ ಜೀವದ ಗೆಳೆಯರು. ಒಂದು ದಿನ ಇಬ್ಬರೂ ಹಕ್ಕಿ ಹೊಡೆಯಲು ಹೋದರು, ಒಬ್ಬರೇ ವಾಪಸ್ ಬಂದರು. ಕಲ್ಲಿನ ಮೇಲಿಂದ ಜಾರಿ ಬಿದ್ದ ಅಂತ ನಮ್ಮ ಮನೆಯವರು ಹೇಳಿದರು. ಎದೆಯಲ್ಲಿ ತೂತಿತ್ತು ಅಂತ ಅವರ ಮನೆಯವರು ಹೇಳಿದರು. ಬೀದಿಯ ಮಕ್ಕಳ ಆ ಸಾಲು ಹುಟ್ಟಿದ್ದು ಇದರಿಂದಲೇ. ಅವರ ಅಂಗಳದ ಕಲ್ಲುಬೆಂಚಿನ ಮೇಲೆ ಸತ್ತವರ ಹೆಸರಿನ ಕೆಳಗೆ 1889 ಎಂದು ಕೆತ್ತಿದೆ. ನಮ್ಮ ತಾತ, ಅಪ್ಪ ಎಲ್ಲರದೂ ಒಂದೇ ಉತ್ತರ: "ಇಲ್ಲ. ಆಗ ನಮ್ಮನೇಲಿ ಕೋವಿನೇ ಇರಲಿಲ್ಲ. ಇದು ಆಮೇಲೆ ಬಂದದ್ದು." ಅಲ್ಲಿಂದ ಎರಡು ಮನೆಗೂ ಮಾತಿಲ್ಲ.

ಅಪ್ಪ ಹೋದ ಮೇಲೆ ಟೈಲರಮ್ಮ ಒಂದು ದಿನ ಕಾಂಪೌಂಡ್ ಗೋಡೆಯ ಆಚೆಯಿಂದ, "ಊಟ ಆಯ್ತಾ ಕಣಮ್ಮ?" ಅಂದರು. ಹುಟ್ಟಿದಾಗಿನಿಂದ ಅವರ ಹೊಲಿಗೆ ಮಿಶಿನ್ನಿನ ಸದ್ದು ಕೇಳಿದ್ದೇನೆ, ದನಿ ಕೇಳಿದ್ದು ಅವತ್ತೇ. ಆಮೇಲೆ ದಿನಾ ಸಂಜೆ ಮಾತು. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಮಾತಾಡುತ್ತಾರೆ, ಅದಕ್ಕೇ ಅರ್ಧ ಮಾತು ಹಲ್ಲಿನ ಸಂದಿಯಿಂದ ಬರುತ್ತದೆ. ನನ್ನ ರವಿಕೆಯ ತೋಳು ನೋಡಿ, "ಇದನ್ನ ಹೊಲಿದವರಿಗೆ ನಿನ್ನ ಮೇಲೆ ಏನು ದ್ವೇಷ?" ಅಂದರು. ಒಂದು ಸಂಜೆ ಸೂಜಿಗಳನ್ನೆಲ್ಲ ತೆಗೆದು ಕೈಗೆ ಹಾಕಿಕೊಂಡರು. "ಆ ಕೋವಿ ಇನ್ನೂ ಇದೆಯಾ? ಕೆಲಸ ಮಾಡ್ತದಾ? ಯಾವಾಗ ಬಂತು ಅಂತ ವಿಚಾರಿಸಿ ಹೇಳು. ನೀನು ಏನು ಹೇಳಿದರೂ ನಂಬ್ತೀನಿ" ಅಂದರು.

ಮಾವ, ಈ ಮನೆಯಲ್ಲಿ ನನಗೆ ಈಗಿರುವ ಮಾತು ಅದೊಂದೇ. ಅದು ನಿಂತುಹೋಗುತ್ತದೇನೋ ಅಂತ ಹೆದರಿದ್ದೆ. ನಿಮಗೆ ಬರೆಯಲು ಸಂಕೋಚವಾಯಿತು. ಕೊಲೆಗಾರನ ಮರಿಮಗಳು ಅನ್ನಿಸಿಕೊಳ್ಳಲು ಯಾರಿಗೆ ಇಷ್ಟ?

ಆದರೆ ಈಗ ಹೆದರಿಕೆ ಇಲ್ಲ. ಕಿರೀಟ ಇದೆ! ಅಚ್ಚು ಲಗತ್ತಿಸಿದ್ದೇನೆ. ತುಂಬ ಸವೆದಿದೆ, ಆದರೂ ಮೂರು ಮೊನೆ ಕಾಣುತ್ತವೆ. ಅಂದರೆ 1893ರ ನಂತರದ್ದು. ಅಪ್ಪ ಹೇಳಿದ್ದು ನಿಜ. ನಿಮ್ಮ ಉತ್ತರಕ್ಕೆ ಕಾಯಲಾಗದೆ, ಆಗ ಕೋವಿ ಇರಲಿಲ್ಲ ಅಂತ ನಿನ್ನೆಯೇ ಟೈಲರಮ್ಮನಿಗೆ ಹೇಳಿಬಿಟ್ಟೆ. ಅವರು, "ಹೌದಾ," ಅಂದರು. ದಾರದುಂಡೆ ಎತ್ತಿಕೊಂಡು ಒಳಗೆ ಹೋದರು. ಎಷ್ಟು ಕಾಲದ ಭಾರ ಇಳಿಯಿತೋ ಪಾಪ ಅವರಿಗೆ.

ನಿಮ್ಮ
ಕಾಗುಣಿತ

ಜುಲೈ 13

ಕಾಗುಣಿತ,

ಅಚ್ಚು ತಲುಪಿತು. ಎರಡು ದಿನ ಮೇಜಿನ ಮೇಲಿಟ್ಟುಕೊಂಡು ಕೂತಿದ್ದೆ. ಇದನ್ನು ಬರೆಯುವುದು ಬೇಡ ಅಂತಲೂ ಅನ್ನಿಸಿತು.

ಮೊಟ್ಟೆ, ಅಕ್ಷರ, ನಕ್ಷತ್ರ ಇವೆಲ್ಲ ಉಜ್ಜಿದಾಗ ಮೂಡಿದವು. ಬೂದು ಬಣ್ಣ, ಅಂಚು ಮಸುಕು. ಆದರೆ ಕಿರೀಟದ ಮೂರು ಮೊನೆಗಳ ಗೆರೆ ಕಪ್ಪಗೆ, ಚೂಪಾಗಿದೆ. ಭೂತಗನ್ನಡಿ ಹಿಡಿದು ನೋಡಿದೆ. ಅಲ್ಲಿ ಪೆನ್ಸಿಲ್ ಮಲಗಿಲ್ಲ, ಮೊನೆಯ ಮೇಲೆ ನಡೆದಿದೆ. ಕಾಗದದ ಹಿಂಬದಿಯಲ್ಲಿ ಅದರ ತಗ್ಗು ಬೆರಳಿಗೆ ಸಿಗುತ್ತದೆ.

ನೀನು ಬೇಕೆಂದು ಮಾಡಿಲ್ಲ, ನನಗೆ ಗೊತ್ತು. ಇಪ್ಪತ್ತು ವರ್ಷದಿಂದ ಗೆದ್ದಲು ತಿಂದ ಜಾಗದಲ್ಲಿ ಅಕ್ಷರ ತುಂಬುತ್ತಿರುವ ಕೈ ಅದು. ಖಾಲಿ ಜಾಗ ಕಂಡಿತು, ಇಲ್ಲಿ ಏನಿರಬೇಕು ಅಂತ ನಿನಗೆ ಗೊತ್ತಿತ್ತು, ಕೈ ತುಂಬಿತು. ಆದರೆ ಮಗಳೇ, ನಿನ್ನ ಹಸ್ತಪ್ರತಿಯಲ್ಲಾದರೆ ಊಹಿಸಿದ್ದಕ್ಕೆ ಚೌಕ ಕಂಸ ಹಾಕುತ್ತೀಯ. ಇಲ್ಲಿ ಕಂಸ ಹಾಕಲಿಲ್ಲ.

ಇನ್ನೊಂದು ಅಚ್ಚು ತೆಗೆ. ಈ ಸಲ ಕಣ್ಣು ಮುಚ್ಚಿಕೊಂಡು ಉಜ್ಜು. ತಮಾಷೆಗೆ ಹೇಳುತ್ತಿಲ್ಲ, ಮ್ಯೂಸಿಯಂನಲ್ಲಿ ನಾವೂ ಹಾಗೇ ಮಾಡುತ್ತಿದ್ದೆವು. ಉಜ್ಜುವವನಿಗೆ ಏನು ಬೇಕು ಅನ್ನುವುದು ಅವನ ಕೈಗೆ ಗೊತ್ತಾಗಬಾರದು.

ಮಾವ

ಜುಲೈ 20

ಮಾವ,

ಕಣ್ಣು ಮುಚ್ಚಿ ಉಜ್ಜಿದೆ. ಮೂರು ಸಲ. ಮೂರನ್ನೂ ಕಳಿಸಿದ್ದೇನೆ. ಮೊಟ್ಟೆಯ ಮೇಲೆ ಸಣ್ಣ ಸಣ್ಣ ಅಡ್ಡಗೆರೆಗಳಿವೆ, ಬೇರೇನೂ ಇಲ್ಲ.

ಮೊದಲ ಅಚ್ಚು ತೆಗೆದ ಸಂಜೆಯನ್ನು ನೆನಪು ಮಾಡಿಕೊಳ್ಳಲು ನೋಡಿದೆ. ಮೇಜಿನ ದೀಪ, ಕಾಗದ, ಬಲಗೈ ಎಲ್ಲ ಕಾಣುತ್ತದೆ. ಗೆರೆ ಎಳೆದದ್ದು ಮಾತ್ರ ಕಾಣುವುದಿಲ್ಲ. ಅದೇ ನನಗೆ ಹೆದರಿಕೆ. ಆಫೀಸಿನಲ್ಲಿ ಈ ವಾರ ಹಳೆಯ ಪುಟಗಳನ್ನೆಲ್ಲ ಮತ್ತೆ ತೆಗೆದು ನೋಡಿದೆ, ಎಲ್ಲೆಲ್ಲಿ ಕಂಸ ಬಿಟ್ಟಿದ್ದೇನೋ ಅಂತ.

ಸವೆದುಹೋಗಿರಬಹುದಲ್ಲವೇ? ಮೊದಲು ಇದ್ದು, ಆಮೇಲೆ ಅಳಿಸಿರಬಹುದಲ್ಲವೇ? ನೀವು ಹಾಗೆಂದು ಒಂದು ಸಾಲು ಬರೆದರೆ ನಾನು ಇಲ್ಲಿಗೇ ಬಿಟ್ಟುಬಿಡುತ್ತೇನೆ. ಟೈಲರಮ್ಮನಿಗೆ ಹೇಳಿಯಾಗಿದೆ, ಅವರು ನಂಬಿಯೂ ಆಗಿದೆ. ಮತ್ತೆ ಹೋಗಿ ಕೆದಕಿ ಯಾರಿಗೆ ಏನು ಸಿಗಬೇಕು? ಆದರೆ ಅವತ್ತಿನಿಂದ ಎರಡು ವಾರವಾಯಿತು, ಅವರು ಗೋಡೆಯ ಹತ್ತಿರ ಬಂದಿಲ್ಲ. ಮದುವೆ ಸೀಸನ್, ಹೊಲಿಗೆ ಜಾಸ್ತಿ ಇರಬೇಕು. ಮಿಶಿನ್ ಸದ್ದು ರಾತ್ರಿ ಹತ್ತರವರೆಗೂ ಕೇಳುತ್ತದೆ.

ಕಾಗುಣಿತ

ಜುಲೈ 28

ಕಾಗುಣಿತ,

ಆ ಒಂದು ಸಾಲು ಬರೆಯಲು ಆಗುವುದಿಲ್ಲ. ಬರೆದರೆ ನಾನೂ ಪೆನ್ಸಿಲ್ ಮೊನೆಯಿಂದ ಕಿರೀಟ ಬರೆದಂತೆಯೇ.

ಆ ಅಡ್ಡಗೆರೆಗಳನ್ನು ನೋಡು. ಉರುಳೆಯನ್ನು ಕಡೆದು ನಯ ಮಾಡುವಾಗ ಉಳಿದ ಗೆರೆಗಳು ಅವು, ಹುಟ್ಟಿದಾಗಿನವು. ಕಿರೀಟ ಇದ್ದು ಸವೆದಿದ್ದರೆ ಅವು ಅದಕ್ಕಿಂತ ಮೊದಲೇ ಸವೆದುಹೋಗುತ್ತಿದ್ದವು. ಅವು ಇವೆ. ಅಲ್ಲಿ ಯಾವತ್ತೂ ಕಿರೀಟ ಇರಲಿಲ್ಲ. ಕೋವಿ 1893ಕ್ಕಿಂತ ಹಿಂದಿನದು.

ಈಗ ಇಷ್ಟನ್ನು ಗಟ್ಟಿಯಾಗಿ ಹಿಡಿದುಕೋ. ಕೋವಿ ಹಳೆಯದು ಅಂದಮಾತ್ರಕ್ಕೆ ನಿನ್ನ ಮುತ್ತಜ್ಜ ಹೊಡೆದ ಅಂತ ಆಗುವುದಿಲ್ಲ. 1865ರಲ್ಲಿ ಮಾಡಿದ್ದನ್ನು 1900ರಲ್ಲಿ ಕೊಂಡಿರಬಹುದು. 1889ರಲ್ಲಿ ಅದು ನಿಮ್ಮ ಮನೆಯಲ್ಲೇ ಇದ್ದಿರಲೂಬಹುದು. ಇದ್ದು, ಕೈಜಾರಿ ಹಾರಿರಬಹುದು, ಹಾರದೆಯೂ ಇರಬಹುದು. ಲೋಹ ತಾನು ಯಾವಾಗ ಹುಟ್ಟಿದೆ ಅಂತ ಹೇಳುತ್ತದೆ, ಯಾರ ಕೈಯಲ್ಲಿತ್ತು ಅಂತ ಹೇಳುವುದಿಲ್ಲ. ಆಗ ಕೋವಿ ಇರಲಿಲ್ಲ ಅಂತ ನಿಮ್ಮವರು ಅಷ್ಟು ಖಚಿತವಾಗಿ ಹೇಳುತ್ತಿದ್ದರಲ್ಲ, ಅದಕ್ಕೆ ಈ ಕೋವಿಯಲ್ಲಿ ಆಧಾರವಿಲ್ಲ. ನನಗೆ ಗೊತ್ತಾದದ್ದು ಇಷ್ಟು.

ಹೇಳುವುದು ಬಿಡುವುದು ನಿನಗೆ ಬಿಟ್ಟದ್ದು. ನಾನು ಆ ಬೀದಿಯಲ್ಲಿ ಇರುವವನಲ್ಲ. ಆದರೆ ಒಂದು ಮಾತು. ಮದುವೆ ಸೀಸನ್ನು ಮುಗಿದು ತಿಂಗಳಾಯಿತಲ್ಲವೇ?

ಮಾವ

ಆಗಸ್ಟ್ 5

ಪ್ರೀತಿಯ ಮಾವ,

ಹೌದು, ಸೀಸನ್ ಮುಗಿದಿತ್ತು. ನಿಮ್ಮ ಪತ್ರ ಬಂದ ದಿನ ಬೆಳಗ್ಗೆ ಗೋಡೆಯ ಹತ್ತಿರ ನಿಂತು ಕರೆದೆ. ಮಿಶಿನ್ ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು. ಅವರು ಬರಲಿಲ್ಲ.

ಮಾರನೆಯ ದಿನ ರಜೆ ಹಾಕಿದೆ. ಮೂರು ಅಚ್ಚನ್ನೂ, ನನ್ನ ಆ ಕಿರೀಟದ ಅಚ್ಚನ್ನೂ ತೆಗೆದುಕೊಂಡು ಬೀದಿಗೆ ಇಳಿದು ಸುತ್ತಿ ಅವರ ಮನೆಗೆ ಹೋದೆ. (ನೀವು ಅವನ್ನೆಲ್ಲ ಇಟ್ಟುಕೊಳ್ಳದೆ ಪತ್ರದ ಜೊತೆ ವಾಪಸ್ ಕಳಿಸಿದ್ದಕ್ಕೆ ಮೊದಲು ಬೇಜಾರಾಗಿತ್ತು.) ನಲವತ್ತೆಂಟು ವರ್ಷ ಪಕ್ಕದಲ್ಲಿದ್ದೂ ಆ ಬಾಗಿಲು ಯಾವ ಬಣ್ಣ ಅಂತ ನನಗೆ ಗೊತ್ತಿರಲಿಲ್ಲ. ಹಸಿರು. ಪಕ್ಕದಲ್ಲಿ ಕತ್ತರಿಸಿದ ಬಟ್ಟೆ ಚೂರುಗಳ ಮೂಟೆ ಇತ್ತು.

ಅವರು ಬಾಗಿಲು ತೆಗೆದರು. ಕೊರಳಲ್ಲಿ ಟೇಪು, ಬಾಯಲ್ಲಿ ಸೂಜಿ. ಕಾಗದ ಚಾಚಿದೆ.

"ಅವತ್ತು ಹೇಳಿದ್ದು ತಪ್ಪು. ಈ ಕಿರೀಟ ಕೋವಿ ಮೇಲಿಲ್ಲ. ನಾನೇ ಬರೆದದ್ದು. ಕೋವಿ ಅದಕ್ಕಿಂತ ಹಳೇದು."

ಅವರು ಕಾಗದಗಳನ್ನು ಬೆಳಕಿಗೆ ಹಿಡಿದು ಒಂದೊಂದೇ ನೋಡಿದರು. ಕಿರೀಟದ ಗೆರೆಯ ಮೇಲೆ ಹೆಬ್ಬೆರಳು ಆಡಿಸಿದರು. ಸೂಜಿಗಳನ್ನು ಒಂದೊಂದಾಗಿ ತೆಗೆದು ಸೆರಗಿಗೆ ಚುಚ್ಚಿಕೊಂಡರು.

"ಹಾಗಾದ್ರೆ ನಿಮ್ಮ ಮುತ್ತಜ್ಜನೇ?"

"ಗೊತ್ತಿಲ್ಲ ಅಮ್ಮ," ಅಂದೆ. "ಇರಬಹುದು. ಅಲ್ಲದೇನೂ ಇರಬಹುದು. ಇಲ್ಲ ಅಂತ ಹೇಳೋಕೆ ನನ್ನ ಹತ್ರ ಏನೂ ಇಲ್ಲ."

ಇನ್ನು ಬಾಗಿಲು ಹಾಕುತ್ತಾರೆ, ಸಂಜೆಯ ಮಾತು ಇಲ್ಲಿಗೆ ಮುಗಿಯಿತು ಅಂದುಕೊಂಡೆ. ಮನಸ್ಸಿನಲ್ಲೇ ನಿಮ್ಮ ಮೇಲೆ ಒಂದಿಷ್ಟು ಸಿಟ್ಟೂ ಬಂತು. ಅವರು ಮಾತ್ರ ಚೌಕಟ್ಟಿಗೆ ಒರಗಿ ನಿಂತು ನನ್ನ ಮುಖವನ್ನೇ ನೋಡಿದರು, ಅಳತೆ ತೆಗೆಯುವವರ ಹಾಗೆ. ಆಮೇಲೆ ಅಂದರು:

"ಅವತ್ತು ನೀನು ಇಲ್ಲ ಅಂದಾಗ ನಿಮ್ಮಪ್ಪನೇ ಗೋಡೆ ಆಚೆ ನಿಂತಿದಾರೆ ಅನ್ನಿಸ್ತು ಕಣಮ್ಮ, ಅದಕ್ಕೇ ಬರಲಿಲ್ಲ. ನಿಮ್ಮ ತಾತ ಇಲ್ಲ ಅಂದ್ರು, ನಿಮ್ಮಪ್ಪ ಇಲ್ಲ ಅಂದ್ರು, ಎಲ್ಲಾ ಅವರವರ ಕಿಟಕಿಯಿಂದಾನೇ. ಗೊತ್ತಿಲ್ಲ ಅಂತ ಹೇಳೋಕೆ ನಮ್ಮ ಬಾಗಿಲವರೆಗೂ ಬಂದವಳು ನೀನೇ ಮೊದಲು."